ಸೆಟ್ಟಿನ ಹೊಸ್ತಿಲು

ಶ್ರೇಯಾ, ಹೋದ ಭಾನುವಾರ ನೀನು ಲಾಫ್ಟಿನ ಮೇಲಿನ ಟ್ರಂಕು ಇಳಿಸಿ, ಅಜ್ಜನ ಹತ್ಯಾರುಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತಿದ್ದೆ. ಉಳಿ, ಕೊಡತಿ, ಬಾಚಿ ಎಲ್ಲ ನಿನಗೆ ಅಷ್ಟಿಷ್ಟು ಗುರುತು ಸಿಕ್ಕವು. ಒಂದು ಮಾತ್ರ ಸಿಗಲಿಲ್ಲ. ನಾಲ್ಕು ಬೆರಳು ಉದ್ದದ ಕಬ್ಬಿಣದ ಪಟ್ಟಿ, ಅಂಚಿನಲ್ಲಿ ಮೂರು ಸಣ್ಣ ಸೀಳು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು ಕೇಳಿದೆ:

"ಅಜ್ಜಿ, ಯೇ ಕ್ಯಾ ಹೈ?"

"ಸೆಟ್ಟು."

"ಯಾವ ಸೆಟ್ಟು?"

"ಹಲ್ಲಿಂದು."

ನೀನು ಒಮ್ಮೆ ನನ್ನ ಬಾಯಿ ನೋಡಿದೆ, ಒಮ್ಮೆ ಕಪಾಟಿನ ಮೇಲಿದ್ದ ಗ್ಲಾಸು ನೋಡಿದೆ. ನನ್ನ ಹಲ್ಲಿನ ಸೆಟ್ಟು ಆಗ ಆ ಗ್ಲಾಸಿನ ನೀರಿನಲ್ಲಿತ್ತು. ಆಮೇಲೆ ನೀನು ನಕ್ಕ ನಗೆಗೆ ನಿನ್ನ ತಮ್ಮ ಬಚ್ಚಲಿನಿಂದ ಓಡಿಬಂದ. ನಾನೂ ನಕ್ಕೆ, ಸೆರಗು ಅಡ್ಡ ಹಿಡಿದುಕೊಂಡು. ಹಲ್ಲಿಲ್ಲದೆ ನಗುವುದಕ್ಕೆ ನನಗೆ ಇನ್ನೂ ನಾಚಿಕೆ.

ಆಮೇಲೆ ನೀನು ಮೊಬೈಲಿನಲ್ಲಿ ಆ ಪದ ಹುಡುಕಿದೆ. "ಅಜ್ಜಿ, ಸೆಟ್‌ದು ಇಷ್ಟ್ ಮೀನಿಂಗ್ ಐತಿ, ಸ್ಕ್ರೋಲ್ ಮಾಡಿ ಮಾಡಿ ನನ್ನ ಬೆರಳು ದುಖ್ತಾ ಹೈ!" ಅಂದೆ. ನಾನು ಹೂಂ ಅಂದೆ, ಅಷ್ಟೇ. ನನಗೆ ಮಾತು ತಡವಾಗಿ ಬರುತ್ತದೆ. ಬರುವ ಹೊತ್ತಿಗೆ ಕೇಳಿದವರು ಎದ್ದು ಹೋಗಿರುತ್ತಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು ಕಲಿತದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಅಕ್ಷರ ದುಂಡಗಿವೆ ಎಂದು ಮಾಸ್ತರು ಹೇಳುತ್ತಿದ್ದರು. ನಿಮಗೆ ಓದಲು ಬಾರದಿದ್ದಲ್ಲಿ ನಿಮ್ಮಪ್ಪ ಓದಿ ಹೇಳಲಿ. ಅವನಿಗೂ ಇದರಲ್ಲಿ ಗೊತ್ತಿಲ್ಲದ ಸಂಗತಿ ಒಂದಿದೆ.

ನಿನ್ನ ಮೊಬೈಲಿನಲ್ಲಿ ಎಷ್ಟು ಅರ್ಥ ಇವೆಯೋ ನಾನು ಕಾಣೆ. ಆದರೆ ನಾನು ಮುಂಬೈಯಲ್ಲಿ ಕಲಿತ ಮೊದಲನೇ ಇಂಗ್ಲಿಷ್ ಪದ ಅದೇ. ಆಗ ಅದು ಇಂಗ್ಲಿಷ್ ಅಂತಲೂ ನನಗೆ ಗೊತ್ತಿರಲಿಲ್ಲ.

ಅರವತ್ತೊಂಬತ್ತರ ಸುಮಾರು ಇರಬೇಕು. ವೈಶಾಖದಲ್ಲಿ ಮದುವೆ, ಮಳೆ ಹಿಡಿಯುವ ಹೊತ್ತಿಗೆ ಮುಂಬೈ. ನಮ್ಮದು ಬೆಳಗಾವಿ ಜಿಲ್ಲೆಯ ಹಳ್ಳಿ, ಎರಡೂ ಕಡೆಯವರು ಬಡಿಗೇರರು. ನಿಮ್ಮಜ್ಜ ದಾದರದ ಕಡೆ ಒಂದು ಸಿನೆಮಾ ಸ್ಟುಡಿಯೋದಲ್ಲಿ ಬಡಿಗತನ ಮಾಡುತ್ತಿದ್ದರು. ಮದುವೆಗೆ ಮುಂಚೆ ನಮ್ಮಣ್ಣ ಮೌನೇಶ ಕೇಳಿದ್ದ: "ಅಲ್ಲಿ ಏನ ಕೆಲಸಾ ಮಾಡ್ತೀರಿ?" ನಿಮ್ಮಜ್ಜ, "ಸೆಟ್ ಹಾಕ್ತೀವ್ರಿ" ಅಂದರಂತೆ. ನಮ್ಮಣ್ಣನಿಗೆ ತಿಳಿಯಲಿಲ್ಲ. "ಏನೋ ಹಾಕ್ತಾನಂತ, ಕೈತುಂಬ ಕೆಲಸಾ ಐತಂತ" ಎಂದು ಅವ್ವನಿಗೆ ಹೇಳಿದ. ಅಷ್ಟರ ಮೇಲೆ ನನ್ನ ಮದುವೆ ಆಯಿತು.

ನಮ್ಮ ಮನೆ ಜೋಗೇಶ್ವರಿಯ ಒಂದು ಚಾಳಿನಲ್ಲಿ. ಮನೆ ಅಂದರೆ ಒಂದು ಖೋಲಿ. ಒಂದು ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಒಂದು ಮೂಲೆಯಲ್ಲಿ ಸ್ಟೋವು, ಉಳಿದದ್ದರಲ್ಲಿ ನಾವು. ಹಗಲೆಲ್ಲ ಅರಮನೆ ಕಟ್ಟುವ ಮನುಷ್ಯ ಸಂಜೆ ಬಂದು ಕಾಲು ನೀಡಿದರೆ ಗೋಡೆಗೆ ಮುಟ್ಟುತ್ತಿತ್ತು. ಪಕ್ಕದ ಖೋಲಿಯಲ್ಲಿ ಕುಸುಮ ವಹಿನಿ, ನಮ್ಮ ಮಾತಿನಲ್ಲಿ ಅತ್ತಿಗೆ. ರತ್ನಾಗಿರಿ ಕಡೆಯ ಮರಾಠಿ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ಹಿರಿಯಳು, ಗಟ್ಟಿ ಗಂಟಲು. ಕಾಳವ್ವ ಎನ್ನುವ ನನ್ನ ಹೆಸರು ಅವಳ ನಾಲಗೆಗೆ ಹೊರಳಲಿಲ್ಲ. ಎರಡನೇ ದಿನಕ್ಕೇ ನಾನು ಕಲಾ ಆದೆ. ದಿನಾ ಬೆಳಿಗ್ಗೆ ನಳದ ಕಡೆ ಹೋಗುವಾಗ ಬಾಗಿಲಲ್ಲಿ ನಿಂತು ಕೇಳುವಳು: "ಕಾಯ ಗ ಕಲಾ, ಸೆಟ್ ಝಾಲೀಸ್ ಕಾ?"

ಊರಿಗೆ ಹೊಂದಿಕೊಂಡೆಯಾ ಎಂದು ಅವಳು ಕೇಳುತ್ತಿದ್ದದ್ದು. ನನಗೆ ಮೊದಲ ವಾರ ಅದೂ ತಿಳಿಯದೆ, ನೀರು ತುಂಬಿದೆಯಾ ಎಂದು ಕೇಳುತ್ತಿರಬೇಕು ಎಂದುಕೊಂಡು ಕೊಡ ತೋರಿಸುತ್ತಿದ್ದೆ. ತಿಳಿದ ಮೇಲೆ ಬರೇ ತಲೆ ಆಡಿಸುತ್ತಿದ್ದೆ. ಅದು ಹೌದೋ ಅಲ್ಲವೋ ಎಂದು ಅವಳು ಯಾವತ್ತೂ ಬಗೆಹರಿಸಿಕೊಳ್ಳಲಾಗದ ಹಾಗೆ.

ನಾನು ಸೆಟ್ ಆಗಿರಲಿಲ್ಲ. ಮಕ್ಕಳೇ, ನಿಮಗೆ ಹೇಳಲು ಈಗ ಏನು ಸಂಕೋಚ? ನನಗೆ ಆ ಖೋಲಿಯಲ್ಲಿ ಉಸಿರು ಕಟ್ಟುತ್ತಿತ್ತು. ಜಾಗ ಸಣ್ಣದು ಎಂದಲ್ಲ. ಹಳ್ಳಿಯ ನಮ್ಮ ಅಡಿಗೆಮನೆಯೂ ಅಷ್ಟೇ ಇತ್ತು. ಖೋಲಿಗೆ ಹೊಸ್ತಿಲಿರಲಿಲ್ಲ. ನಗಬೇಡಿ. ಒಳಗಿನ ಸಿಮೆಂಟು ನೆಲ ಹಾಗೇ ಹೊರಗಿನ ಪಡಸಾಲೆಗೆ ಹರಿದು ಹೋಗಿತ್ತು. ಎಲ್ಲಿ ನಮ್ಮ ಮನೆ ಮುಗಿಯಿತು, ಎಲ್ಲಿ ಮಂದಿ ಓಡಾಡುವ ಜಾಗ ಶುರುವಾಯಿತು, ಗುರುತೇ ಇಲ್ಲ. ಪಕ್ಕದವರು ಪಾತ್ರೆ ತೊಳೆದ ನೀರು ಒಳಗೆ ಬರುತ್ತಿತ್ತು. ಹೆಗ್ಗಣ ಬರುತ್ತಿತ್ತು. ಒಂದು ಸಲ ಯಾರದೋ ಬುಗುರಿ ತಿರುಗುತ್ತ ತಿರುಗುತ್ತ ಬಂದು ನನ್ನ ರೊಟ್ಟಿ ಹಿಟ್ಟಿನ ಪರಾತದ ಹತ್ತಿರ ನಿಂತಿತು.

ನಮ್ಮ ಕಡೆ ಹೆಣ್ಣುಮಗಳ ದಿನ ಹೊಸ್ತಿಲಿನಿಂದ ಶುರುವಾಗುತ್ತದೆ. ಎದ್ದವಳು ಮೊದಲು ಹೊಸ್ತಿಲು ತೊಳೆಯಬೇಕು, ಅರಿಶಿನ ಕುಂಕುಮ ಏರಿಸಬೇಕು, ಎರಡು ಎಳೆ ರಂಗೋಲಿ ಎಳೆಯಬೇಕು. ಆಮೇಲೆ ಒಲೆ. ನಾನು ಏಳು ವರ್ಷದವಳಿದ್ದಾಗಿನಿಂದ ಮಾಡಿದ ಕೆಲಸ. ಮುಂಬೈಯಲ್ಲಿ ಬೆಳಿಗ್ಗೆ ಎದ್ದರೆ ಕೈಗಳಿಗೆ ಏನು ಮಾಡಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ. ತಂಬಿಗೆ ಹಿಡಿದು ಬಾಗಿಲಿಗೆ ಹೋಗಿ, ಸುಮ್ಮನೆ ನಿಂತು, ತಿರುಗಿ ಬರುತ್ತಿದ್ದೆ.

ಶ್ರಾವಣದಲ್ಲಿ ತಡೆಯಲಾಗದೆ ಅಣ್ಣನಿಗೆ ಒಂದು ಕಾರ್ಡು ಬರೆದೆ. "ನನಗೆ ಇಲ್ಲಿ ಆಗುವುದಿಲ್ಲ. ಬಂದು ಕರೆದುಕೊಂಡು ಹೋಗು. ಅವರು ಒಳ್ಳೆಯವರಿದ್ದಾರೆ, ಅವರದೇನೂ ತಪ್ಪಿಲ್ಲ." ಅಷ್ಟೇ. ಪೋಸ್ಟಿನ ಡಬ್ಬಿ ಸ್ಟೇಷನ್ನಿನ ಹತ್ತಿರ. ಅಲ್ಲಿವರೆಗೆ ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ. ಮರುದಿನ ಕೆಲಸಕ್ಕೆ ಹೊರಟ ನಿಮ್ಮಜ್ಜನ ಕೈಗೇ ಕೊಟ್ಟೆ. ಅವರು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋದರು.

ಕಾರ್ಡು ಮುಚ್ಚಿದ ಪತ್ರ ಅಲ್ಲ ಎಂದು ನನಗೆ ಹೊಳೆದದ್ದು ಮಧ್ಯಾಹ್ನ, ಅಕ್ಕಿ ಆರಿಸುವಾಗ. ಸ್ಟೇಷನ್ನಿನವರೆಗೆ ಅಷ್ಟು ದೂರ ಕಿಸೆಯಲ್ಲಿದ್ದ ಕಾರ್ಡನ್ನು ಯಾರು ಓದದೆ ಇರುತ್ತಾರೆ? ಸಂಜೆ ಅವರು ಬಂದರು. ಚಹಾ ಕುಡಿದರು. "ಕಾರ್ಡ ಹಾಕೇನಿ" ಅಂದರು. ಮತ್ತೆ ಒಂದು ಮಾತಿಲ್ಲ. ನಾನೂ ಕೇಳಲಿಲ್ಲ. ಹದಿನೈದು ದಿನಕ್ಕೆ ಅಣ್ಣನ ಉತ್ತರ ಬಂತು: ದಸರೆ ಮುಗಿದ ಎರಡನೇ ದಿನ ಬರುತ್ತೇನೆ, ಗಂಟು ಕಟ್ಟಿಕೊಂಡಿರು. ಅದೂ ಕಾರ್ಡೇ. ಪೋಸ್ಟಮನ್ ಅದನ್ನು ತಂದು ಕೊಟ್ಟದ್ದೂ ನಿಮ್ಮಜ್ಜನ ಕೈಗೇ, ಅವರಿಗೆ ಕೆಲಸವಿಲ್ಲದ ಒಂದು ಬೆಳಿಗ್ಗೆ.

ಅವರು ಮಾಡಿದ್ದು ಒಂದೇ. ಅಲ್ಲಿಯವರೆಗೆ ಮನೆಗೆ ಬಂದು ಸುಮ್ಮನೆ ಕೂತಿರುತ್ತಿದ್ದ ಮನುಷ್ಯ ಅವತ್ತಿನಿಂದ ದಿನಾ ಸಂಜೆ ನನಗೆ ಸೆಟ್ಟಿನ ಸುದ್ದಿ ಹೇಳಲು ಶುರು ಮಾಡಿದರು. ಇವತ್ತು ಕೋರ್ಟು ಹಾಕಿದೆವು, ಜಡ್ಜ್ ಸಾಹೇಬರ ಕುರ್ಚಿಗೆ ಮೂರೇ ಕಾಲು, ನಾಲ್ಕನೆಯದು ಕ್ಯಾಮರಾಕ್ಕೆ ಕಾಣುವುದಿಲ್ಲ. ಇವತ್ತು ಗುಡಿ ಹಾಕಿದೆವು, ದೇವರು ಪ್ಲಾಸ್ಟರಿಂದು, ಇನ್ನೂ ಸೆಟ್ ಆಗಿರಲಿಲ್ಲ, ಯಾರೋ ಮುಟ್ಟಿ ಮೂಗು ಕಿತ್ತು ಬಂತು. ಇವತ್ತು ಹೀರೋಯಿನ್ ಹೇರ್ ಸೆಟ್ ಆಗಿಲ್ಲ ಅಂತ ಎಲ್ಲರೂ ಮಧ್ಯಾಹ್ನದವರೆಗೆ ಖಾಲಿ ಕೂತಿದ್ದೆವು. ಒಂದೇ ಮಾತಿನಲ್ಲಿ ಇಷ್ಟೊಂದು ಸಾಮಾನು ಹೇಗೆ ಹಿಡಿಸುತ್ತದೆ ಎಂದು ನನಗೆ ಸೋಜಿಗ. ವಹಿನಿಯ ಮನೆಯ ಗಾಜಿನ ಕಪ್ಪು-ಬಸಿಗಳೂ ಸೆಟ್ಟೇ. ಅವು ಮದುವೆಯಲ್ಲಿ ಬಂದವು, ಕಪಾಟಿನಿಂದ ಇಳಿದದ್ದನ್ನು ನಾನು ಒಮ್ಮೆ ಮಾತ್ರ ನೋಡಿದೆ. ಮೇಲಿನ ಮಾಳಿಗೆಯವರ ರೇಡಿಯೋನೂ ಸೆಟ್ಟೇ. ಮೊಸರಿಗೆ ಹೆಪ್ಪು ಹಾಕಿದ್ದು ಗಟ್ಟಿಯಾದರೂ ವಹಿನಿ ಬಾಯಲ್ಲಿ ಸೆಟ್ಟೇ. "ಕಲಾ, ನಿನ್ನ ಮೊಸರು ಸೆಟ್ ಆಗುತ್ತದೆ, ನೀನೇ ಆಗುವುದಿಲ್ಲ" ಎಂದು ಅವಳು ಮರಾಠಿಯಲ್ಲಿ ರೇಗಿಸುತ್ತಿದ್ದಳು. ಆಗ ನಾನು ನಗುತ್ತಿದ್ದೆ. ಗಂಟು ಮಾತ್ರ ಕಟ್ಟಿ ಟ್ರಂಕಿನ ಹಿಂದೆ ಇಟ್ಟಿದ್ದೆ.

ದಸರೆಯ ದಿನ ಸ್ಟುಡಿಯೋದಲ್ಲಿ ಖಂಡೆ ಪೂಜೆ. ಹತ್ಯಾರುಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ಪೂಜೆ ಮಾಡುತ್ತಾರೆ. ಅವತ್ತು ಕೆಲಸಗಾರರ ಹೆಂಡಿರು ಮಕ್ಕಳಿಗೆ ಒಳಗೆ ಬರುವ ಪರವಾನಗಿ. "ಬಾ, ಒಮ್ಮೆ ನೋಡಿ ಹೋಗೀಯಂತ" ಅಂದರು ನಿಮ್ಮಜ್ಜ. "ಹೋಗೀಯಂತ" ಎಂಬ ಮಾತನ್ನು ಅವರು ನೆಲ ನೋಡುತ್ತ ಅಂದರು.

ಬಡಿಗ್ಯಾರ ಮೇಲೆ ಈರಪ್ಪ ಎಂಬ ಮಿಸ್ತ್ರಿ ಇದ್ದರು. ನಮ್ಮ ಕಡೆಯವರೇ, ಬೆಳ್ಳಗಿನ ಮೀಸೆ, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲು. ಪೂಜೆ ಮುಗಿಯಿತು, ಗಂಡಸರು ಪೇಢೆ ಹಂಚುತ್ತಿದ್ದರು. ಹೆಂಗಸರೆಲ್ಲ ಹೀರೋಯಿನ್‌ಳ ಕುರ್ಚಿ ನೋಡಲು ಹೋದರು. ನನಗೆ ಗುಂಪಿನಲ್ಲಿ ಹೋಗಲು ಸಂಕೋಚ. ಪೂಜೆಯ ತಾಟು ಹಿಡಿದುಕೊಂಡು ಒಂದು ಗೋಡೆಯ ಪಕ್ಕಕ್ಕೆ ಸರಿದೆ. ಸರಿದು ತಿರುಗಿದರೆ, ಎದುರಿಗೆ ಒಂದು ಮನೆ!

ಹಳ್ಳಿಯ ಮನೆ. ಸುಣ್ಣ ಕೆಮ್ಮಣ್ಣು ಬಳಿದ ಕಟ್ಟೆ, ದೀಪದ ಗೂಡು, ಮಸಿ ಹಿಡಿದ ಬಾಗಿಲು, ಬಾಗಿಲಿಗೆ ಹಿತ್ತಾಳೆಯ ಬಳೆ. ಕೆಳಗೆ ಹೊಸ್ತಿಲು. ಅಗಲವಾದ, ಕಪ್ಪಗಿನ, ಹಳೇ ಸಾಗವಾನಿಯ ಹೊಸ್ತಿಲು. ಮೂರು ತಲೆಮಾರಿನ ಮಂದಿ ಓಡಾಡಿ ನಡುವೆ ತುಸು ತಗ್ಗು ಬಿದ್ದಿತ್ತು.

ಮುಂದೆ ನಾನು ಮಾಡಿದ್ದನ್ನು ಯೋಚನೆ ಮಾಡಿ ಮಾಡಲಿಲ್ಲ. ಐದು ತಿಂಗಳಿಂದ ಕೆಲಸವಿಲ್ಲದ ಕೈಗಳು ತಾವೇ ಮಾಡಿದವು. ಕೂತೆ. ಸೆರಗಿನಿಂದ ಧೂಳು ಒರೆಸಿದೆ. ತಾಟಿನಲ್ಲಿದ್ದ ತಂಬಿಗೆಯ ನೀರು ಚಿಮುಕಿಸಿದೆ. ಎಡಕ್ಕೊಂದು ಬಲಕ್ಕೊಂದು ನಡುವೆ ಒಂದು ಅರಿಶಿನ ಏರಿಸಿದೆ, ಕುಂಕುಮ ಏರಿಸಿದೆ, ಚೆಂಡುಹೂ ಇಟ್ಟೆ, ಎರಡು ಎಳೆ ರಂಗೋಲಿ ಎಳೆದೆ. ಹಣೆ ಮುಟ್ಟಿಸಿ ನಮಸ್ಕಾರ ಮಾಡಿ ಎದ್ದೆ. ಮುಂಬೈಗೆ ಬಂದ ಮೇಲೆ ಮೊದಲ ಸಲ ಎದೆ ಹಗುರಾಗಿತ್ತು. ಒಳಗೆ ಯಾರಿದ್ದಾರೆ ನೋಡೋಣ ಎಂದು ಬಾಗಿಲು ದೂಡಿದೆ.

ಒಳಗೆ ಮನೆ ಇರಲಿಲ್ಲ. ಬಾಗಿಲ ಹಿಂದೆ ಬಿದಿರಿನ ಊರುಗೋಲು, ಗೋಣಿತಟ್ಟು, ಬಣ್ಣದ ಡಬ್ಬಿ, ಒಂದು ಮಲಗಿದ ಬೆಕ್ಕು.

"ಅಯ್ಯಯ್ಯ ಯವ್ವಾ, ಏನ ಮಾಡಿದಿ ತಾಯಿ!" ಹಿಂದಿನಿಂದ ಈರಪ್ಪ ಮಿಸ್ತ್ರಿ. ನಾನು ತಾಟು ಬೀಳಿಸಿಬಿಟ್ಟೆ. ನಿಮ್ಮಜ್ಜ ಓಡಿಬಂದರು. ಹೊಸ್ತಿಲು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. "ಮಿಸ್ತ್ರಿ, ಆಕೀಗೆ ಗೊತ್ತಿಲ್ಲರಿ" ಅಂದರು.

"ಗೊತ್ತಿಲ್ಲ ಖರೆ ಮಾರಾಯಾ. ಆದರ ಈ ಸೆಟ್ಟು ನಾಳೆ ಮುರೀಬೇಕು. ಫ್ಲೋರು ಬ್ಯಾರೇದವರಿಗೆ ಹೋಗೇತಿ. ಪೂಜಾ ಆದ ಹೊಸ್ತಿಲಕ್ಕ ನಾ ಕೊಡತಿ ಹಚ್ಚಲ್ಯಾ, ನೀ ಹಚ್ಚತೀಯ?"

ಆ ಹೊಸ್ತಿಲನ್ನು ಮಾಡಿದ್ದು ನಿಮ್ಮಜ್ಜನೇ ಎಂದು ಮನೆಗೆ ಬಂದ ಮೇಲೆ ತಿಳಿಯಿತು. ಸಾಗವಾನಿ ಅಲ್ಲ, ಏನೂ ಅಲ್ಲ. ಹಡಗಿನಲ್ಲಿ ಸಾಮಾನು ಬರುವ ಪೆಟ್ಟಿಗೆ ಒಡೆದ ದೇವದಾರು ಹಲಗೆ. ಒಳಗೆ ಪೊಳ್ಳು, ಮೇಲೆ ಮುಚ್ಚಳದ ಹಾಗೆ ನಾಲ್ಕು ಪಟ್ಟಿ. ಕಪ್ಪು ಬಣ್ಣ ಅವರೇ ಬಳಿದದ್ದು. ನಡುವಿನ ತಗ್ಗನ್ನೂ ಅವರೇ ಒಂದು ಮಧ್ಯಾಹ್ನ ಕೂತು ಕೆತ್ತಿದ್ದು.

ಮರುದಿನ ಸೆಟ್ಟು ಮುರಿದರಂತೆ. ಗೋಡೆ ಮಲಗಿತು, ಕಟ್ಟೆ ಹೋಯಿತು, ಬಾಗಿಲು ಚೌಕಟ್ಟು ಕಳಚಿತು. ಅಷ್ಟು ದೊಡ್ಡ ಫ್ಲೋರಿನ ನಡುವೆ ಕುಂಕುಮ ಹಚ್ಚಿಕೊಂಡ ಹೊಸ್ತಿಲೊಂದೇ ಉಳಿಯಿತು. ಬಡಿಗ್ಯಾರು ಅದನ್ನು ಸುತ್ತಿ ಬಳಸಿ ಓಡಾಡಿದರು, ದಾಟಬೇಕಾದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿದರು. ಮ್ಯಾನೇಜರ ಬಂದು ಕೂಗಾಡಿದ: "ಯೇ ಕ್ಯಾ ತಮಾಶಾ ಹೈ? ಲಕಡೀ ಹೀ ತೋ ಹೈ!" ಈರಪ್ಪ ಮಿಸ್ತ್ರಿ ಅವನನ್ನು ಕರೆದು, "ಠೀಕ ಹೈ ಸಾಹೇಬ, ಪೂಜಾ ಹೋ ಗಯಾ ಹೈ, ಆಪ್ ಹೀ ಮಾರೋ" ಎಂದು ಕೊಡತಿ ಅವನ ಕೈಗೇ ಕೊಟ್ಟರಂತೆ. ಅವನು ಕೊಡತಿ ಹಿಡಿದ. ಕುಂಕುಮ ನೋಡಿದ. ಕೊಡತಿ ಕೆಳಗಿಟ್ಟು ಟೆಲಿಫೋನು ಬಂದಿದೆ ಎಂದು ಹೋಗಿಬಿಟ್ಟ.

ಕೊನೆಗೆ ಮಿಸ್ತ್ರಿ ನಿಮ್ಮಜ್ಜನಿಗೆ ಹೇಳಿದರು: "ನಿನ್ನ ಹೇಣ್ತಿ ಹಚ್ಚಿದ ಕುಂಕುಮ, ನೀನ ಹೊತ್ತುಕೊಂಡು ನಡಿ."

ಆ ಹೊಸ್ತಿಲು ಲೋಕಲಿನ ಲಗೇಜ್ ಡಬ್ಬಿಯಲ್ಲಿ ಬಂತು. ಡಬ್ಬಿಯ ತುಂಬ ಮೀನಿನ ಬುಟ್ಟಿಯ ಹೆಂಗಸರು. ಯಾರಿಗೂ ಜಾಗ ಬಿಡದ ಗಟ್ಟಿಗಿತ್ತಿಯರು ಕುಂಕುಮ ಕಂಡದ್ದೇ ಬುಟ್ಟಿ ಎಳೆದುಕೊಂಡು ಸರಿದು ಕೂತರಂತೆ. ಹೊಸ್ತಿಲಿಗೆ ಜಾಗ ಸಿಕ್ಕಿತು, ನಿಮ್ಮಜ್ಜ ಜೋಗೇಶ್ವರಿಯವರೆಗೆ ನಿಂತೇ ಬಂದರು.

ತಂದು ಇಟ್ಟರೆ ನಮ್ಮ ಬಾಗಿಲಿಗಿಂತ ಒಂದೂವರೆ ಮೊಳ ಉದ್ದ. ಕೊಯ್ಯಬೇಕು. ನಾನು ಹೆದರಿದೆ. "ಪೂಜಾ ಮಾಡಿದ್ದರಿ..." ಅಂದೆ.

"ಬಡಿಗ್ಯಾರ ಗರಗಸಕ್ಕ ದೋಷ ಇಲ್ಲ" ಅಂದರು. ಹಾಗೆಂದು ತಕ್ಷಣ ಕೊಯ್ಯಲಿಲ್ಲ. ಗರಗಸವನ್ನು ಎರಡು ಮೊಣಕಾಲ ನಡುವೆ ಹಿಡಿದು, ಶ್ರೇಯಾ, ನೀನು ನನ್ನ ಮೂಗಿಗೆ ಹಿಡಿದೆಯಲ್ಲ, ಅದೇ ಕಬ್ಬಿಣದ ಪಟ್ಟಿ ತೆಗೆದರು. ಅದರ ಸೀಳಿನಲ್ಲಿ ಗರಗಸದ ಒಂದೊಂದು ಹಲ್ಲು ಸಿಗಿಸಿ, ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ, ಕೂದಲೆಳೆಯಷ್ಟು ಬಾಗಿಸುತ್ತ ಹೋದರು. ನಾನು ಮೊದಲ ಸಲ ನಾನಾಗಿ ಒಂದು ಮಾತು ಕೇಳಿದೆ.

"ನೆಟ್ಟಗಿದ್ದವನ್ನ ಯಾಕ ಸೊಟ್ಟ ಮಾಡಾಕತ್ತೀರಿ?"

"ಸೆಟ್ ಮಾಡಾಕತ್ತೇನಿ. ಎಲ್ಲಾ ಹಲ್ಲು ಒಂದ ಸಾಲಿನ್ಯಾಗ ನಿಂತರ ಗರಗಸ ತಾ ಕೊಯ್ದ ದಾರ್ಯಾಗ ತಾನ ಸಿಕ್ಕೊಂತೈತಿ. ಮುಂದ ಹೋಗೂದಿಲ್ಲ, ಹಿಂದ ಬರೂದಿಲ್ಲ. ಒಂದು ಆ ಕಡೆ ಒಂದು ಈ ಕಡೆ ಇರಬೇಕು. ಆವಾಗ ಜಾಗಾ ಆಗತೈತಿ."

ಸೆಟ್ಟಿನ ಸುದ್ದಿ ಬಿಟ್ಟರೆ ಅಷ್ಟು ಉದ್ದದ ಮಾತನ್ನು ಅವರು ನನ್ನ ಹತ್ತಿರ ಅಲ್ಲಿಯವರೆಗೆ ಆಡಿರಲಿಲ್ಲ. ಆಡಿದ ಮೇಲೆ ತಾವೇ ಗಾಬರಿಯಾದವರ ಹಾಗೆ ಕೆಳಗೆ ನೋಡುತ್ತ ಕೆಲಸ ಮುಂದುವರಿಸಿದರು. ಹೊಸ್ತಿಲು ಕೂತಿತು. ಎರಡೂ ತುದಿಯಲ್ಲಿ ಸಿಮೆಂಟು ಮೆತ್ತಿ, "ನಾಳೀತನಾ ಮುಟ್ಟಬ್ಯಾಡ, ಸೆಟ್ ಆಗಬೇಕು" ಅಂದರು. ನಾಳೆ ಅಣ್ಣ ಬರುವ ದಿನ ಎಂದು ಇಬ್ಬರಿಗೂ ಗೊತ್ತಿತ್ತು.

ಅಣ್ಣ ಬಂದ. ಹೆಗಲಿಗೆ ಚೀಲ, ಚೀಲದ ತುಂಬ ಅವ್ವ ಕೊಟ್ಟ ರೊಟ್ಟಿ, ಶೇಂಗಾದ ಹಿಂಡಿ. ನಾನು ಬೆಳಿಗ್ಗೆ ಹೊಸ್ತಿಲು ತೊಳೆದು ಪೂಜೆ ಮಾಡಿದ್ದೆ. ಅವನು ಎಷ್ಟಾದರೂ ಬಡಿಗೇರ. ಒಳಗೆ ಬರುವ ಮೊದಲು ಬಗ್ಗಿ ಹೊಸ್ತಿಲು ಮುಟ್ಟಿದ. ಮುಟ್ಟಿದವನು ಹಾಗೇ ನಿಂತ. ಬೆರಳ ಗೆಣ್ಣಿನಿಂದ ಮೇಲೆ ಕುಟ್ಟಿದ. ಟೊಕ್ ಟೊಕ್ ಅಂದಿತು, ಖಾಲಿ ಡಬ್ಬಿಯ ಹಾಗೆ.

"ಇದು ಖೊಟ್ಟಿ ಐತಲ್ಲೋ! ಪೊಳ್ಳ!" ಎಂದು ನಕ್ಕ. ನಿಮ್ಮಜ್ಜನ ಕಡೆ ನೋಡಿ, "ಏನ್ರಿ ಇದು, ಹೊಸ್ತಿಲಾನೂ ಸಿನೆಮಾದ್ದ ಹಚ್ಚೀರಿ?" ಅಂದ. ತಮಾಷೆಗೇ ಅಂದದ್ದು. ನಿಮ್ಮಜ್ಜ ನಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದವರು ನನ್ನ ಗಂಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ತಾವೇ ಹೋಗಿ, ಟ್ರಂಕಿನ ಹಿಂದಿನಿಂದ ಅದನ್ನು ಎತ್ತಿ ತಂದು ಅಣ್ಣನ ಚೀಲದ ಪಕ್ಕ ಇಟ್ಟರು. ಎಲ್ಲವನ್ನೂ ನೋಡಿಕೊಂಡೇ ಇದ್ದರು ಅವರು.

"ಪೂಜಾ ಆಗೇತಿ, ಅಣ್ಣಾ. ಖೊಟ್ಟಿ ಹೆಂಗ ಆಕ್ಕೈತಿ?"

ಯಾರು ಮಾತಾಡಿದರು ಎಂದು ನಾನೇ ತಿರುಗಿ ನೋಡುವಷ್ಟು ಗಟ್ಟಿಯಾಗಿ ನನ್ನ ಬಾಯಿಂದ ಬಂತು ಆ ಮಾತು. ಪಡಸಾಲೆಯ ತುದಿಯವರೆಗೆ ಕೇಳಿಸಿತಂತೆ. ನಾನು ಗಂಟು ಎತ್ತಿ ಮತ್ತೆ ಟ್ರಂಕಿನ ಹಿಂದೆ ಇಟ್ಟೆ. "ದೀಪಾವಳಿಗೆ ಬರ್ತೀವಿ. ಇಬ್ಬರೂ" ಅಂದೆ, ಗೋಡೆಗೆ.

ಇಷ್ಟೂ ಹೊತ್ತು ಕುಸುಮ ವಹಿನಿ ತನ್ನ ಬಾಗಿಲಲ್ಲಿ ನಿಂತು, ಕನ್ನಡ ತಿಳಿಯದಿದ್ದರೂ, ಎಲ್ಲ ತಿಳಿದುಕೊಂಡಿದ್ದಳು. "ಥಾಂಬಾ, ಥಾಂಬಾ!" ತಡೆಯಿರಿ ಎಂದು ಒಳಗೆ ಓಡಿದಳು. ಮನೆ ತುಂಬಿಕೊಳ್ಳುವಾಗ ಸೊಸೆ ಹೊಸ್ತಿಲ ಮೇಲಿನ ಸೇರನ್ನು ಬಲಗಾಲಿನಿಂದ ದೂಡಿ ಒಳಗೆ ಬರುವುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. ನಾನು ಅತ್ತೆಮನೆಯಲ್ಲಿ ಹಾಗೆ ಬಂದಿದ್ದೆ. ಈ ಖೋಲಿಗೆ ಬರೇ ಚಪ್ಪಲಿ ಕಳಚಿ ಬಂದಿದ್ದೆ. ವಹಿನಿ ಅಳತೆಯ ಡಬ್ಬಿಯೊಂದನ್ನು ತಂದಳು, ಅಕ್ಕಿ ಎಲ್ಲಿ ಎಂದಳು.

ಅಕ್ಕಿ ಆಗ ರೇಷನ್ನಿನದು. ಅರ್ಧ ದಿನ ಸಾಲಿನಲ್ಲಿ ನಿಂತು ತಂದದ್ದನ್ನು ಕಾಲಿನಿಂದ ದೂಡುವುದಾ? ನಾನು ಅನುಮಾನಿಸಿದೆ. ಅಣ್ಣ, "ತಡೀರಿ" ಎಂದು ತನ್ನ ಚೀಲ ಬಿಚ್ಚಿದ. ಊರಿನಿಂದ ನಾಲ್ಕು ಸೇರು ಬಿಳಿಜೋಳ ತಂದಿದ್ದ. "ದಾರ್ಯಾಗ ಹೊತ್ತು ಹೊತ್ತು ಭುಜಾ ಬಿದ್ದಾವು. ಕರಕೊಂಡು ಹೋಗಾಕ ಬಂದಾಂವ ನಾ ಯಾಕ ಜ್ವಾಳಾ ಹೊತ್ತೆ, ನನಗ ತಿಳೀವಲ್ದು. ಅವ್ವ ಹೊರಿಸಿದ್ಲು" ಅಂದ. ಅವ್ವನಿಗೆ ಅಲ್ಲಿ ಕೂತೇ ಏನು ತಿಳಿದಿತ್ತೋ ಏನೋ.

ನಾನು ಹೊರಗೆ ಹೋಗಿ ನಿಂತೆ. ಚಾಳಿನ ಅರ್ಧ ಹೆಂಗಸರು ಸೇರಿದ್ದರು. ನನ್ನನ್ನು ಒಯ್ಯಲು ಬಂದ ಅಣ್ಣ ಒಳಗೆ, ನನ್ನ ಗಂಟು ಎತ್ತಿಕೊಟ್ಟ ಗಂಡ ಅವನ ಪಕ್ಕ. ಬಲಗಾಲಿನಿಂದ ಡಬ್ಬಿ ದೂಡಿದೆ. ಜೋಳ ಸಿಮೆಂಟಿನ ನೆಲದ ತುಂಬ ಮಳೆಯ ಹಾಗೆ ಸಪ್ಪಳ ಮಾಡುತ್ತ ಹರಡಿತು. ಖೋಲಿ ಸಣ್ಣದು ನೋಡಿ, ಮೂರು ಮೂಲೆಗೂ ಮುಟ್ಟಿತು. ಮೋರಿಯ ಮೂಲೆಯೊಂದನ್ನು ವಹಿನಿ ಕಾಲು ಅಡ್ಡ ಹಾಕಿ ಉಳಿಸಿದಳು. ಆಮೇಲೆ ನಾವು ನಾಲ್ಕೂ ಮಂದಿ ಮಂಡಿಯೂರಿ ಒಂದೊಂದೇ ಕಾಳು ಆರಿಸಿದೆವು. ಅವತ್ತು ವಹಿನಿಯ ಗಾಜಿನ ಕಪ್ಪುಗಳು ಕಪಾಟಿನಿಂದ ಇಳಿದವು. ಮೇಲೆ ಹೇಳಿದ್ದೆನಲ್ಲ, ಒಂದೇ ಸಲ ನೋಡಿದ್ದೆ ಎಂದು. ಅದು ಅವತ್ತೇ.

ಇಷ್ಟು ನಿಮ್ಮಪ್ಪನಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನು ಮುಂದೆ.

ದೇವದಾರು ಹಲಗೆ ಮುಂಬೈಯ ಮಳೆಗೆ ಎಷ್ಟು ದಿನ ತಡೆದೀತು? ಎರಡನೇ ಮಳೆಗಾಲಕ್ಕೆ ಅದು ನೀರು ಕುಡಿದು ಉಬ್ಬಿತು. ನಾನು ದಿನಾ ತೊಳೆಯುವುದೂ ಸೇರಿತು. ನಿಮ್ಮಜ್ಜ ಬಣ್ಣ ಹಚ್ಚುವರು, ಮೇಣ ತಿಕ್ಕುವರು, ತುದಿಗೆ ಹೊಸ ಪಟ್ಟಿ ಜೋಡಿಸುವರು. "ಹೊಸಾದು ಹಾಕಿದರಾತು" ಎಂದು ಯಾರಾದರೂ ಅಂದರೆ ಮುಖ ಸಣ್ಣದು ಮಾಡಿಕೊಳ್ಳುವರು. ನನಗೆ ಆಗ ತಿಳಿಯಲಿಲ್ಲ. ಅವರ ಲೆಕ್ಕದಲ್ಲಿ ನಾನು ಉಳಿದದ್ದು ಆ ಹೊಸ್ತಿಲಿಗೆ. ಅದು ಹೋದರೆ ನಾನೂ ಹೋಗಬಹುದು. ಅಲ್ಲ, ನಿಮಗಾಗಿ ಉಳಿದೆ ಎಂದು ನಾನು ಅವರಿಗೆ ಒಂದು ದಿನವಾದರೂ ಹೇಳಿದ್ದೆನೆ? ಅಂಥ ಮಾತು ಆಡಿದ್ದರೆ ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ.

ಮೂರನೇ ವರ್ಷ ಹೆರಿಗೆಗೆ ತವರಿಗೆ ಹೋದೆ. ನಿಮ್ಮಪ್ಪ ಹುಟ್ಟಿದ. ಐದು ತಿಂಗಳು ಬಾಣಂತನ ಮಾಡಿಸಿಕೊಂಡು, ಮಗುವನ್ನು ಎತ್ತಿಕೊಂಡು ಬಂದೆ. ಹೊಸ್ತಿಲು ಹೇಗಿತ್ತೋ ಹಾಗೇ ಇತ್ತು. ಅದೇ ಕಪ್ಪು, ಅದೇ ತಗ್ಗು, ಎಡತುದಿಯಲ್ಲಿ ಕೊಯ್ಯುವಾಗ ಗರಗಸ ಜಾರಿ ಬಿದ್ದ ಅದೇ ಗೀಚು. ಮರುದಿನ ಬೆಳಿಗ್ಗೆ ತೊಳೆಯಲು ಕೂತೆ. ತಂಬಿಗೆಯ ನೀರು ಹಾಕಿದೆ. ನೀರು ಮೊದಲಿನ ಹಾಗೆ ಒಳಗೆ ಇಳಿಯಲಿಲ್ಲ. ಮುತ್ತಿನ ಹಾಗೆ ಹನಿ ಕಟ್ಟಿ ಮೇಲೇ ನಿಂತು, ಜಾರಿ ಹೋಯಿತು. ತಂಬಿಗೆಯನ್ನು ಅದರ ಮೇಲೆ ಇಟ್ಟೆ. ಟೊಕ್ ಅನ್ನಲಿಲ್ಲ. ಗಟ್ಟಿ ಮರದ ತುಂಬಿದ ಸಪ್ಪಳ.

ನಾನೂ ಬಡಿಗೇರರ ಮಗಳೇ, ಮಕ್ಕಳೇ. ಸಾಗವಾನಿಯ ವಾಸನೆ ನನಗೆ ತಿಳಿಯುತ್ತದೆ, ಎಷ್ಟೇ ಬಣ್ಣ ಬಳಿದಿರಲಿ. ನಾನಿಲ್ಲದಾಗ ಆ ಮನುಷ್ಯ ಖೊಟ್ಟಿ ಹೊಸ್ತಿಲು ತೆಗೆದು ಖರೇ ಸಾಗವಾನಿಯ ಹೊಸ್ತಿಲು ಕೂರಿಸಿದ್ದರು. ಕೂರಿಸಿ, ಅದು ಹಳೆಯದೇ ಎಂದು ನಾನು ತಿಳಿಯಲಿ ಎಂದು, ಒಳ್ಳೆಯ ಮರದ ಮೇಲೆ ಅದೇ ಸುಳ್ಳು ಕಪ್ಪು ಬಣ್ಣ ಬಳಿದಿದ್ದರು. ನಡುವೆ ಅದೇ ತಗ್ಗು ಕೆತ್ತಿದ್ದರು. ಗೀಚನ್ನೂ ಅಳೆದು ಗೀಚಿದ್ದರು.

ಆ ಚಾಳು ಕೆಡವಿ ಬಿಲ್ಡಿಂಗ್ ಕಟ್ಟಿದಾಗ ಉಳಿಸಿಕೊಂಡು ತಂದದ್ದೇ ಈಗ ನಮ್ಮ ದೇವರ ಗೂಡಿನ ಮುಂದಿರುವ ಹಲಗೆ. ನೀವು ಅದರ ಮೇಲೆ ಕಾಲಿಟ್ಟು ನನ್ನಿಂದ ಬೈಸಿಕೊಳ್ಳುತ್ತೀರಿ. ಒಂದು ದಿನ ತಿರುಗಿಸಿ ಅಡಿಭಾಗವನ್ನು ಉಗುರಿನಿಂದ ಕೆರೆದು ಮೂಸಿ ನೋಡಿ. ತಗ್ಗು ಮಾತ್ರ ಈಗ ಅರ್ಧ ಅಜ್ಜ ಕೆತ್ತಿದ್ದು, ಅರ್ಧ ನಮ್ಮ ಕಾಲುಗಳದ್ದು. ಯಾವುದು ಎಲ್ಲಿ ಮುಗಿಯಿತು ಎಂದು ನನಗೂ ಹೇಳಲಾಗದು.

ನಾನು ತೊಳೆಯಲು ಕೂತ ಆವತ್ತು ಬೆಳಿಗ್ಗೆ ಅವರು ಒಳಗೆ ಕೂತು ಅರದಿಂದ ಗರಗಸದ ಹಲ್ಲು ತಿಕ್ಕುತ್ತಿದ್ದರು. ಕರ್ ಕರ್ ಎಂಬ ಸಪ್ಪಳ. ಮಗು ಜೋಳಿಗೆಯಲ್ಲಿ ಮಲಗಿತ್ತು. ನಾನು ಹೊಸ್ತಿಲಿಗೆ ಅರಿಶಿನ ಹಚ್ಚುತ್ತ, ಬೆನ್ನು ಅವರ ಕಡೆ ಮಾಡಿಕೊಂಡೇ ಕೇಳಿದೆ.

"ಸಾಗವಾನಿ ನೀರು ಕುಡ್ಯೂದಿಲ್ಲ, ಅಲ್ಲರಿ?"

ಅರದ ಸಪ್ಪಳ ನಿಂತಿತು.

"ಯಾವ ಸಾಗವಾನಿ?" ಅಂದರು.

"ಏನಿಲ್ಲ. ಬರೇ ಕೇಳಿದೆ."

ನಾನು ಕುಂಕುಮ ಏರಿಸಿದೆ. ಹೂ ಇಟ್ಟೆ. ಅರ ಮತ್ತೆ ಶುರುವಾಗಲಿಲ್ಲ. ಹಿಂದೆ ತಿರುಗಿ ನೋಡಲು ನನಗೆ ಧೈರ್ಯ ಇಲ್ಲ. ಅಷ್ಟರಲ್ಲಿ ಕುಸುಮ ವಹಿನಿ ಕೊಡ ಎತ್ತಿಕೊಂಡು ನಳದ ಕಡೆ ಹೊರಟಿದ್ದಳು. ಐದು ತಿಂಗಳ ಮೇಲೆ ನನ್ನನ್ನು ಕಂಡು, ನಿಂತು, ಹಳೆಯ ರೂಢಿಯಂತೆ ಕೇಳಿದಳು:

"ಕಾಯ ಗ ಕಲಾ, ಸೆಟ್ ಝಾಲೀಸ್ ಕಾ?"

ಮೂರು ವರ್ಷ ಬರೇ ತಲೆ ಆಡಿಸಿದ್ದೆ. ಅವತ್ತು ಬಾಯಿ ತೆರೆದೆ. ಒಳಗೆ ಕೂತವರಿಗೆ ಚೆನ್ನಾಗಿ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಹೋ, ವಹಿನಿ. ಝಾಲೇ. ಕಧೀಚ ಝಾಲೇ." ಆದೆ, ಎಂದೋ ಆದೆ.

ವಹಿನಿ ನಕ್ಕು ಮುಂದೆ ಹೋದಳು. ನಾನು ರಂಗೋಲಿಯ ಎರಡನೇ ಎಳೆ ಎಳೆಯತೊಡಗಿದೆ. ಅದು ಮುಗಿಯುವ ಮೊದಲೇ, ಒಳಗೆ ಅರದ ಸಪ್ಪಳ ಮತ್ತೆ ಶುರುವಾಯಿತು.